ಮಾರ್ಚ್ 31 ಮತ್ತು ಸುಣ್ಣದ ಗುಂಡಿ

ಕಳೆದ ಸಂಚಿಕೆಯಲ್ಲಿ ಗೋವೆಯ ಚಾಂದೋರ್‌ನ ಹಳೆ ಮನೆಗಳ ಲೇಖನ ಓದಿ ಮಡಗಾಂವಿನ ಓದುಗರೊಬ್ಬರು ಕೆಂಡವಾಗಿದ್ದಾರೆ. "ಭಾಟ್ಕಾರರ (ಜಮೀನ್ದಾರರ) ಬಂಗಲೆ ರಿಪೇರಿಗೆ ಕಂಪನಿಗಳ ಸಿಎಸ್‌ಆರ್ ದುಡ್ಡು (ಸಮಾಜದ ಕೆಲಸಕ್ಕೆಂದು ಕಾನೂನು ಖರ್ಚು ಮಾಡಿಸುವ ಹಣ) ಯಾಕೆ? ಅದರಲ್ಲಿ ನಮ್ಮ ಕನ್ನಡ ಶಾಲೆಗೆ ಎರಡು ಕೊಠಡಿ ಏಳುತ್ತಿದ್ದವು" ಎಂಬುದು ಅವರ ಪತ್ರದ ಸಾರ.

ಶಾಲೆಗೆ ಕೊಠಡಿ ಬೇಕು, ಒಪ್ಪಿದೆ. ಆದರೆ ಸ್ವಾಮಿ, ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ, ಅಂದರೆ ಈ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬಹುದೆಂಬ ಪಟ್ಟಿಯಲ್ಲಿ, ಶಿಕ್ಷಣವೂ ಇದೆ, ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರವೂ ಇದೆ. ಇನ್ನು ಭಾಟ್ಕಾರರ ಜೇಬಿನ ಚಿಂತೆ: 2021ರ ನಿಯಮದ ಪ್ರಕಾರ ಈ ದುಡ್ಡಿನಿಂದಾದ ಬಂಡವಾಳ ಆಸ್ತಿ ಕಂಪನಿಯ ಕೈಯಲ್ಲಾಗಲಿ ಖಾಸಗಿ ಯಜಮಾನರ ಕೈಯಲ್ಲಾಗಲಿ ಉಳಿಯುವಂತಿಲ್ಲ. ಸಿಎಸ್‌ಆರ್ ನೋಂದಣಿ ಸಂಖ್ಯೆಯುಳ್ಳ ಧರ್ಮಾರ್ಥ ಸಂಸ್ಥೆ, ಫಲಾನುಭವಿಗಳ ಸಂಘ ಅಥವಾ ಸರ್ಕಾರಿ ಪ್ರಾಧಿಕಾರದ ಬಳಿ ಇರಬೇಕು. ಮನೆಯ ಯಜಮಾನರು ಮೊದಲು ಟ್ರಸ್ಟ್ ಮಾಡಲಿ, ಆಮೇಲೆ ಅರ್ಜಿ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ದುಡ್ಡು ಯಾವ ತಿಂಗಳು ಬರುತ್ತದೆ?

ಚಾಂದೋರ್ ಅಂದರೆ ನಮ್ಮ ಗೋವಾ ಕದಂಬರ ಚಂದ್ರಪುರ. ಅಲ್ಲಿನ ಗೋಡೆಗಳು ಮುರಕಲ್ಲಿನವು (ಜಂಬಿಟ್ಟಿಗೆ). ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಸುಣ್ಣದ ಗಾರೆಯ ಮೂಲಕ ಅದನ್ನು ಹೊರಹಾಕುತ್ತದೆ. ಮೇಲೆ ಸಿಮೆಂಟ್ ಮೆತ್ತಿದಿರೋ, ಆ ದಾರಿ ಬಂದ್. ನೀರು ಒಳಗೇ ನಿಂತು, ಉಪ್ಪು ಹರಳುಗಟ್ಟಿ, ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರ್ ಹಲಗೆ ಹಲಗೆಯಾಗಿ ಕಳಚುತ್ತದೆ. ಹಿಂಬದಿ ನೋಡಿ: ಕಲ್ಲಿನ ಕೆಂಪು ಪುಡಿ ಅದಕ್ಕೇ ಅಂಟಿಕೊಂಡು ಬಂದಿರುತ್ತದೆ. ತೇವ ಮೇಲೇರಿ ತೊಲೆಯ ತುದಿ ಮುಟ್ಟಿದರೆ ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಹಾಗಾಗಿ ಮೊದಲು ಛಾವಣಿ, ನೀರು ಹರಿಯುವ ದಾರಿ, ಆಮೇಲೆ ಗೋಡೆ, ಬಣ್ಣ ಕಟ್ಟಕಡೆಗೆ. ಹಳೆ ಸಿಮೆಂಟನ್ನು ಉಳಿ ಹಿಡಿದು ಬಿಡಿಸಬೇಕು, ಬ್ರೇಕರ್ ತಂದರೆ ಕಲ್ಲೂ ಹೋಗುತ್ತದೆ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ, ಕೆಲವು ವಾರವಾದರೂ ಕೊಳೆಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಒಂದು ಪದರ 10-12 ಮಿ.ಮೀ., ಅದಕ್ಕಿಂತ ದಪ್ಪವಾದರೆ ಬಿರುಕು. ಒಂದು ವಾರ ಒದ್ದೆ ಗೋಣಿಯ ಹೊದಿಕೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ತನ್ನ ಪುರುಸೊತ್ತಿನಲ್ಲಿ. ಗೋವೆಯಲ್ಲಿ ಇದಕ್ಕೆಲ್ಲ ಸಿಗುವುದು ಅಕ್ಟೋಬರ್‌ನಿಂದ ಮೇ.

ಕಂಪನಿಗಳಿಗೆ ಪರಂಪರೆ ನೆನಪಾಗುವುದು ಜನವರಿಯಲ್ಲಿ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯಬೇಕು. ಕಂಟ್ರಾಕ್ಟರನಾದರೂ ಏನು ಮಾಡಿಯಾನು? ಸಿಮೆಂಟ್ ಕಲಸುತ್ತಾನೆ. ತಮಾಷೆಯೆಂದರೆ ಕಾನೂನಿನಲ್ಲೇ ದಾರಿ ಇದೆ: 'ಮುಂದುವರಿಯುವ ಯೋಜನೆ' ಎಂದು ಮಂಜೂರು ಮಾಡಿದರೆ ಆರಂಭದ ವರ್ಷ ಬಿಟ್ಟು ಮೂರು ವರ್ಷ ಸಿಗುತ್ತದೆ, ಉಳಿದ ದುಡ್ಡನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿದರಾಯಿತು. ಆ ಪದ ಬರೆಸುವವರಿಲ್ಲ.

ಆ ವರ್ಷಗಳೂ ಮುಗಿದ ಮೇಲೆ? ಮಂಗಳೂರು ಹೆಂಚನ್ನು (1865ರಲ್ಲಿ ಬಾಸೆಲ್ ಮಿಷನ್‌ನವರು ನಮ್ಮ ಮಂಗಳೂರಿನಲ್ಲೇ ಶುರು ಮಾಡಿದ್ದು) ಪ್ರತಿ ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು. ಕಿಟಕಿಯ ಮುತ್ತುಚಿಪ್ಪಿನ ಬಿಲ್ಲೆ ಒಡೆದರೆ ಮರದ ಚೌಕಟ್ಟಿನ ಸೀಳಿನಿಂದ ಜಾರಿಸಿ ಹೊಸದು ಕೂರಿಸಬೇಕು. ಉದ್ಘಾಟನೆಗೆ ದಾನಿಗಳು ಸಾಲುಗಟ್ಟುತ್ತಾರೆ, ಹೆಂಚು ಕೈಯಾಡಿಸುವ ಕೂಲಿಗೆ ಯಾರೂ ಇಲ್ಲ. ಮುಂಬಯಿಯ ನಮ್ಮ ಕನ್ನಡ ಸಂಘಗಳೇನು ಕಡಿಮೆಯೆ? ದಾನಿಗಳ ಹೆಸರಿನ ಗ್ರಾನೈಟ್ ಫಳಫಳ, ಅದರ ಹಿಂದಿನ ಗೋಡೆ ಹಸಿ.

ಮೈಸೂರಿನಲ್ಲಿ ಆರ್.ಕೆ. ನಾರಾಯಣರ ಮನೆ ಕೆಡವುವ ಹಂತದಲ್ಲಿ ಉಳಿದು 2016ರಲ್ಲಿ ಮ್ಯೂಸಿಯಂ ಆಯಿತು. ಪುಣೆಯ ಭಿಡೆ ವಾಡೆ ಎಂಬ ಹಳೆ ಮನೆಯಲ್ಲಿ ಫುಲೆ ದಂಪತಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಶಿಥಿಲವಾಗಲು ಬಿಟ್ಟು, ಸ್ಮಾರಕಕ್ಕಾಗಿ 2023ರ ಡಿಸೆಂಬರಿನಲ್ಲಿ ಅದನ್ನೇ ಕೆಡವಿದರು. ಶಾಲೆ ಬೇಕೋ ಹಳೆ ಮನೆ ಬೇಕೋ ಎನ್ನುವ ನಿಮಗೆ ಅಲ್ಲಿ ಎರಡೂ ಒಂದೇ ಸೂರಿನಡಿ ಇದ್ದವು.

ನಿಮ್ಮ ಕೈಬರಹದ ಖಡಕ್ಕು ನೋಡಿದರೆ ಕಂಪನಿಗೆ ಪತ್ರ ಬರೆಯಲು ನಿಮ್ಮಂಥವರೇ ಸರಿ. ಶಾಲೆಗೆ ಒಂದು, ಹಳೆ ಮನೆಗೆ ಒಂದು ಬರೆಯಿರಿ. ಎರಡನೆಯದರಲ್ಲಿ 'ಮುಂದುವರಿಯುವ ಯೋಜನೆ' ಎಂಬ ಪದ ಇರಲಿ, ವಾರ್ಷಿಕ ನಿಭಾವಣೆಯನ್ನು ಯಾರು ಹೊರುತ್ತಾರೆಂದೂ ಕೇಳಿ. ಅಕ್ಟೋಬರಿಗೆ ಸುಣ್ಣ ಹದಕ್ಕೆ ಬಂದಿರಬೇಕಾದರೆ ಪತ್ರ ಏಪ್ರಿಲಿನಲ್ಲೇ ಹೋಗಬೇಕು.