ಅಳುವ ಹಾಡಿಗೆ ಕುಣಿಯುವವರು

ತಿಪಟೂರಿನ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಬ್ರಿಟನ್ನಿನ ಬ್ರಾನ್ಸ್ಕಿ ಬೀಟ್ ಎಂಬ ಪಾಪ್ ತಂಡದ ‘ಸ್ಮಾಲ್‌ಟೌನ್ ಬಾಯ್’ ಹಾಡಿನ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಮೇಲೆ ಅವರ ತಕರಾರು. ಸಾರ ಇಷ್ಟು: “ಆ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತೆಂದು ಬರೆದಿದ್ದೀರಿ, ಮೊಮ್ಮಗನಿಂದ ಹುಡುಕಿಸಿದರೆ ಬೇರೆ ಲೆಕ್ಕ ಸಿಗುತ್ತದೆ. ಅದನ್ನು ‘ಸಲಿಂಗಕಾಮಿಗಳ ನಾಡಗೀತೆ’ ಎಂದು ಕರೆದಿದ್ದೀರಿ. ಮೂರು ಸಲ ಕೇಳಿದೆ, ಆ ಮಾತೇ ಅದರಲ್ಲಿಲ್ಲ. ಹುಡುಗನೊಬ್ಬ ಮನೆ ಬಿಟ್ಟು ಹೋಗುತ್ತಾನೆ, ಅಷ್ಟೆ. ಯಂತ್ರದ ತಾಳಕ್ಕೆ ಅಳುವ ಹಾಡು ನಾಡಗೀತೆ ಹೇಗಾದೀತು? ಹಾಗೆಂದು ತೀರ್ಮಾನಿಸಿದವರು ಯಾರು? ವಿಡಿಯೋದಲ್ಲಿ ತಂದೆ ಮಗನ ಕೈಗೆ ದುಡ್ಡು ಕೊಡುತ್ತಾನಲ್ಲ, ಒಬ್ಬ ತಂದೆಯಿಂದ ಇನ್ನೇನು ಬಯಸುತ್ತೀರಿ?”

ಮೇಷ್ಟ್ರೇ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಮೊಮ್ಮಗ ಹೇಳಿದ್ದೇ ಸರಿ. 1984ರಲ್ಲಿ ಬಂದ ಈ ಹಾಡು ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನದವರೆಗೆ ಏರಿತು. ಮೊದಲ ಸ್ಥಾನ ದಕ್ಕಿದ್ದು ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ. ಲೇಖಕರು ಸರಿಯಾಗಿಯೇ ಬರೆದಿದ್ದರು. ಪುಟಕ್ಕೆ ಹಿಡಿಸಲು ವಾಕ್ಯ ಮೊಟಕು ಮಾಡಿದವನು ನಾನು.

‘ನಾಡಗೀತೆ’ ಎಂಬ ಪದವನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾಡಗೀತೆಗೆ ಒಂದು ನಾಡು ಬೇಕು, ಎದ್ದು ನಿಲ್ಲುವ ಸಭೆ ಬೇಕು, ಎರಡೂವರೆ ನಿಮಿಷದಲ್ಲಿ ಮುಗಿಸಿ ಎನ್ನುವ ಸರ್ಕಾರಿ ಆದೇಶವೂ ಬೇಕು. ಈ ಹಾಡಿನ ಉದ್ದನೆಯ ಡಿಸ್ಕೊ ಆವೃತ್ತಿ ಸುಮಾರು ಒಂಬತ್ತು ನಿಮಿಷ ಓಡುತ್ತದೆ, ಕೇಳುವವರು ಕುಣಿಯುತ್ತಾರೆ. ‘ಸಲಿಂಗಕಾಮಿ’ ಎಂಬುದನ್ನೂ ಕೈಬಿಡೋಣ. ಹಾಡಿನಲ್ಲಿ ಕಾಮದ ಸುಳಿವೇ ಇಲ್ಲದಿರುವಾಗ ಲೇಖನದ ಶೀರ್ಷಿಕೆಯಲ್ಲಿ ಅದನ್ನು ತುರುಕಿದ್ದು ನಮ್ಮ ಅಭ್ಯಾಸಬಲ. ಸಲಿಂಗಪ್ರೇಮಿಗಳು ಎನ್ನೋಣ; ಅವರಲ್ಲಿ ಅನೇಕರು ತಮ್ಮನ್ನು ಕರೆದುಕೊಳ್ಳುವಂತೆ ‘ಗೇ’ ಎಂದರೂ ಆದೀತು.

ಆದರೆ ‘ಆ ಮಾತೇ ಇಲ್ಲ’ ಎಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅದೇ ವರ್ಷದ ಜನವರಿಯಲ್ಲಿ ಲಿವರ್‌ಪೂಲಿನ ತಂಡವೊಂದರ ‘ರಿಲ್ಯಾಕ್ಸ್’ ಹಾಡನ್ನು ಬಿಬಿಸಿ ನಿಷೇಧಿಸಿತ್ತು. ಅದು ಬಯಕೆಯನ್ನು ಹಾಡುತ್ತಿತ್ತು. ನಿಷೇಧಿಸಿದ ಮೇಲೆ ಮೊದಲ ಸ್ಥಾನಕ್ಕೂ ಹೋಯಿತು. ‘ಸ್ಮಾಲ್‌ಟೌನ್ ಬಾಯ್’ನಲ್ಲಿ ನಿಷೇಧಿಸುವುದಕ್ಕೆ ಏನಿತ್ತು? ಬೆಳಗಿನ ಹೊತ್ತು, ತನ್ನದೆಂಬುದನ್ನೆಲ್ಲ ತುಂಬಿಕೊಂಡ ಸಣ್ಣ ಕಪ್ಪು ಪೆಟ್ಟಿಗೆ, ರೈಲು ನಿಲ್ದಾಣದಲ್ಲಿ ಗಾಳಿಮಳೆ, ಯಾಕೆ ಹೋದನೆಂದು ಎಂದೂ ಅರ್ಥವಾಗದ ತಾಯಿ. ಹೀಗಾಗಿ ಅದು ಬ್ರಿಟನ್ನಿನ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದ ‘ಟಾಪ್ ಆಫ್ ದ ಪಾಪ್ಸ್’ ಟಿವಿ ಕಾರ್ಯಕ್ರಮದ ಮೂಲಕ ನೇರವಾಗಿ ನಡುಮನೆಗೆ ಬಂತು. ಹೇಳದೆ ಉಳಿದ ಮಾತು ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ತಿಳಿಯಿತು. ತಂಡದ ಮೂವರು ಸದಸ್ಯರಾದ ಗಾಯಕ ಜಿಮ್ಮಿ ಸಾಮರ್‌ವಿಲ್, ಸ್ಟೀವ್ ಬ್ರಾನ್ಸ್ಕಿ, ಲ್ಯಾರಿ ಸ್ಟೈನ್‌ಬಾಕೆಕ್ ತಾವು ಗೇ ಎಂಬುದನ್ನು ಮುಚ್ಚಿಟ್ಟವರೂ ಅಲ್ಲ. ಆ ಕಾಲದ ಪಾಪ್ ತಾರೆಯರಲ್ಲಿ ಎಷ್ಟೋ ಮಂದಿ ಸಂದರ್ಶನಗಳಲ್ಲಿ ಜಾರಿಕೊಳ್ಳುತ್ತಿದ್ದಾಗ ಇವರು ನೇರವಾಗಿ ಉತ್ತರಿಸಿದರು.

ನೀವು ಕನ್ನಡ ಕಲಿಸಿದವರು, ಆದ್ದರಿಂದ ಇನ್ನೊಂದು ಸಂಗತಿ ನಿಮಗೆ ರುಚಿಸಬಹುದು. ಈ ಹಾಡು ‘ನಾನು’ ಎನ್ನುವುದಿಲ್ಲ. ಉದ್ದಕ್ಕೂ ‘ನೀನು’ ಎಂದು ಮಾತನಾಡುತ್ತದೆ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಕನ್ನಡಕ್ಕೆ ತರುವಾಗ ‘ನೀನು’ ಅಲ್ಲದೆ ಬೇರೆ ದಾರಿಯಿಲ್ಲ. ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವುದು ಎರಡು ಕ್ರಿಯಾಪದ: ಓಡು, ಮುಖ ತಿರುಗಿಸು. ಹೇಳುತ್ತಿರುವವರು ಯಾರು? ಊರಿನವರು ಹೇಳಿದ್ದಾದರೆ ಅದು ‘ತೊಲಗು’. ಗೆಳೆಯ ಹೇಳಿದ್ದಾದರೆ ‘ಹೊರಟುಬಿಡು, ಬದುಕಿಕೊಳ್ಳುತ್ತೀಯ’. ಹುಡುಗ ತನಗೆ ತಾನೇ ಹೇಳಿಕೊಂಡಿದ್ದಾದರೆ ಅದಕ್ಕೆ ನನ್ನ ಬಳಿ ಪದವಿಲ್ಲ. ನಮ್ಮಲ್ಲಿ ‘ಓಡಿಹೋದ’ ಎಂದರೆ ತಪ್ಪು ಓಡಿದವನದೇ. ಸಾಲಗಾರ ಓಡಿಹೋಗುತ್ತಾನೆ, ಪ್ರೀತಿಸಿದ ಹುಡುಗಿ ಓಡಿಹೋಗುತ್ತಾಳೆ. ಓಡಿಸಿದವರ ಕಡೆಗೆ ಬೆರಳು ತೋರುವ ಕ್ರಿಯಾಪದವನ್ನು ಊರು ಬಳಸುವುದಿಲ್ಲ.

ಯಂತ್ರದ ತಾಳದ ಬಗ್ಗೆ ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಎಂಬತ್ತರ ದಶಕದ ಹೊತ್ತಿಗೆ ಸಿಂಥಸೈಸರ್ ಮತ್ತು ಡ್ರಮ್ ಯಂತ್ರಗಳು ಸಾಮಾನ್ಯರ ಕೈಗೆ ಎಟುಕುವಷ್ಟು ಅಗ್ಗವಾಗಿದ್ದವು. ಮೂವರು ಹುಡುಗರು ಒಂದು ಬಾಡಿಗೆ ಮನೆಯಲ್ಲಿ ಕೂತು ಇಡೀ ವಾದ್ಯವೃಂದವನ್ನು ಕಟ್ಟಬಹುದಿತ್ತು. ಗಿಟಾರ್ ಹಿಡಿದು ವೇದಿಕೆಯ ಮೇಲೆ ಗಂಡಸುತನ ಮೆರೆಯುವ ಅಗತ್ಯವೂ ಇರಲಿಲ್ಲ. ಆ ತಣ್ಣಗಿನ, ಏರಿಳಿತವಿಲ್ಲದ ತಾಳದ ಮೇಲೆ ಸಾಮರ್‌ವಿಲ್‌ನ ಕಂಠ ಏರುತ್ತದೆ. ನಮ್ಮ ಸಂಗೀತದ ಗುರುಗಳು ‘ಕಳ್ಳದನಿ’ ಎಂದು ಗದರಿಸುವಂಥ ದನಿ ಅದು, ಗಂಡಸಿನ ಸಹಜ ಶ್ರುತಿಯ ಮೇಲಕ್ಕೆ ಹಾರಿ ಹೆಂಗಸಿನ ಸ್ಥಾಯಿಯಲ್ಲಿ ನಿಲ್ಲುವಂಥದ್ದು. ಶಾಲೆಯ ಅಂಗಳದಲ್ಲಿ ಹುಡುಗನೊಬ್ಬ ಒದೆ ತಿನ್ನುವುದು ಇಂಥ ದನಿಗಾಗಿಯೇ. ಅದೇ ದನಿ ಇಲ್ಲಿ ಅಡಗಿಕೊಳ್ಳದೆ ಅಳುತ್ತದೆ. ಕೆಳಗೆ ಯಂತ್ರ ರೈಲಿನಂತೆ ನಿಲ್ಲದೆ ಓಡುತ್ತಿರುತ್ತದೆ. ಅತ್ತು ಕೂರುವುದಕ್ಕೆ ಆ ತಾಳ ಬಿಡುವುದಿಲ್ಲ. ಲಂಡನ್ನಿನ ಡಿಸ್ಕೊಗಳಲ್ಲಿ ಇದಕ್ಕೆ ಕುಣಿದವರಲ್ಲಿ ಎಷ್ಟೋ ಮಂದಿ ಇದೇ ರೈಲು ಹತ್ತಿ ಬಂದವರು. ಅಳುವ ಹಾಡು ಗೀತೆಯಾಗುವುದು ಹೇಗೆಂಬ ನಿಮ್ಮ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇದು: ಒಂಟಿಯಾಗಿ ಅತ್ತದ್ದನ್ನು ನೂರು ಜನ ಒಟ್ಟಿಗೆ ಕುಣಿದರು.

ಕಾನೂನಿನ ಮಾತು ಚುಟುಕಾಗಿ. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡು ಗಂಡಿನ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನು ಸಡಿಲವಾಯಿತು. 1961ರಲ್ಲಿ ಸಾಮರ್‌ವಿಲ್ ಹುಟ್ಟಿದ ಗ್ಲಾಸ್ಗೊ ಇರುವುದು ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಅದಕ್ಕೆ 1980ರ ಕಾಯ್ದೆಯವರೆಗೆ ಕಾಯಬೇಕಾಯಿತು. (ಗ್ಲಾಸ್ಗೊ ಸಣ್ಣ ಊರೇನಲ್ಲ, ನಿಜ. ಎಲ್ಲರ ಕಣ್ಣೂ ಎಲ್ಲರ ಮೇಲಿರುವ ಬೀದಿ ದೊಡ್ಡ ಊರಲ್ಲೂ ಇರುತ್ತದೆ.) ಸಡಿಲವಾದ ಮೇಲೂ ಗಂಡು ಗಂಡಿನ ಸಂಬಂಧಕ್ಕೆ 21 ವರ್ಷ ತುಂಬಿರಬೇಕಿತ್ತು, ಉಳಿದವರಿಗೆ 16 ಸಾಕಿತ್ತು. ತಂಡ ತನ್ನ ಮೊದಲ ಆಲ್ಬಮ್ಮಿಗೆ ‘ದ ಏಜ್ ಆಫ್ ಕನ್ಸೆಂಟ್’ (ಸಮ್ಮತಿಯ ವಯಸ್ಸು) ಎಂದೇ ಹೆಸರಿಟ್ಟು, ಯುರೋಪಿನ ಯಾವ ದೇಶದಲ್ಲಿ ಎಷ್ಟು ವಯಸ್ಸು ಎಂಬ ಪಟ್ಟಿಯನ್ನು ಒಳಹೊದಿಕೆಯಲ್ಲಿ ಅಚ್ಚುಹಾಕಿಸಿತು. ಎಲ್ಲರಿಗೂ 16 ಎಂದಾದದ್ದು 2001ರಲ್ಲಿ. ‘ಇದೆಲ್ಲ ಪರದೇಶದ್ದು’ ಎಂದೂ ನೀವು ಒಂದು ಕಡೆ ಬರೆದಿದ್ದೀರಿ. ಸಲಿಂಗ ಸಂಬಂಧವನ್ನು ಅಪರಾಧವೆಂದ ನಮ್ಮ ಹಳೆಯ ದಂಡಸಂಹಿತೆಯ 377ನೆಯ ಕಲಮೂ ಪರದೇಶದ್ದೇ, ಮೇಷ್ಟ್ರೇ. 1860ರಲ್ಲಿ ಅವರು ಬರೆದುಕೊಟ್ಟು ಹೋದದ್ದನ್ನು ನಾವು 2018ರ ಸೆಪ್ಟೆಂಬರ್ 6ರವರೆಗೆ ಜೋಪಾನ ಮಾಡಿದೆವು.

ತೀರ್ಮಾನಿಸಿದವರು ಯಾರು ಎಂದು ಕೇಳಿದ್ದೀರಿ. ಯಾವ ಸಮಿತಿಯೂ ಅಲ್ಲ. ಆದರೆ ಒಂದು ರಾತ್ರಿಯನ್ನು ಬೊಟ್ಟುಮಾಡಿ ತೋರಿಸಬಲ್ಲೆ: 1984ರ ಡಿಸೆಂಬರ್ 10, ಲಂಡನ್ನಿನ ಕ್ಯಾಮ್ಡೆನ್‌ನ ಎಲೆಕ್ಟ್ರಿಕ್ ಬಾಲ್‌ರೂಂ. ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ ತಿಂಗಳುಗಟ್ಟಲೆ ನಡೆದು ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಗಿತ್ತು. ಲಂಡನ್ನಿನ ಗೇ ಮತ್ತು ಲೆಸ್ಬಿಯನ್ ಯುವಜನರ ಗುಂಪೊಂದು ದಕ್ಷಿಣ ವೇಲ್ಸ್‌ನ ಡುಲೈಸ್ ಕಣಿವೆಯ ಗಣಿ ಕುಟುಂಬಗಳಿಗಾಗಿ ಡಬ್ಬಿ ಹಿಡಿದು ಬೀದಿಬೀದಿಯಲ್ಲಿ ಹಣ ಎತ್ತುತ್ತಿತ್ತು. ಆ ರಾತ್ರಿಯ ಸಹಾಯಾರ್ಥ ಕಾರ್ಯಕ್ರಮಕ್ಕೆ, ತಮ್ಮನ್ನು ಬೈಯಲು ಬಳಸುವ ಪದವನ್ನೇ ಎತ್ತಿಕೊಂಡು ‘ಪಿಟ್ಸ್ ಅಂಡ್ ಪರ್ವರ್ಟ್ಸ್’ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ, ಗಣಿಗಳೂ ವಿಕೃತರೂ. ಮುಖ್ಯ ಆಕರ್ಷಣೆ ಬ್ರಾನ್ಸ್ಕಿ ಬೀಟ್. ಐದು ಸಾವಿರ ಪೌಂಡಿಗೂ ಹೆಚ್ಚು ಕೂಡಿತು. ಮರುವರ್ಷ ಜೂನ್‌ನಲ್ಲಿ ಲಂಡನ್ನಿನಲ್ಲಿ ನಡೆದ ಸಲಿಂಗಪ್ರೇಮಿಗಳ ಪ್ರೈಡ್ ಮೆರವಣಿಗೆಯಲ್ಲಿ ಗಣಿ ಕಾರ್ಮಿಕರು ತಮ್ಮ ಸಂಘದ ಬ್ಯಾನರ್ ಹಿಡಿದು ನಡೆದರು. ಊರು ಬಿಟ್ಟು ಬಂದವರು ಇನ್ನೊಂದು ಊರನ್ನು ಉಳಿಸಲು ಹಾಡಿದರಲ್ಲ ಎಂದು ನನಗೆ ಇಂದಿಗೂ ಸೋಜಿಗ.

ಕೊನೆಗೆ ಆ ತಂದೆ. ಬರ್ನಾರ್ಡ್ ರೋಸ್ ನಿರ್ದೇಶಿಸಿದ ವಿಡಿಯೋ ಅದು. ಹುಡುಗನನ್ನು ಗುಂಪೊಂದು ಹೊಡೆಯುತ್ತದೆ, ಪೊಲೀಸರು ಮನೆಗೆ ತಂದುಬಿಡುತ್ತಾರೆ, ಹೆತ್ತವರಿಗೆ ವಿಷಯ ಗೊತ್ತಾಗುವುದು ಹಾಗೆ. ಮಗ ಹೊರಟಾಗ ತಂದೆ ದುಡ್ಡು ಕೊಡುವುದು ನಿಜ. ಆ ದೃಶ್ಯವನ್ನು ದಯವಿಟ್ಟು ನಾಲ್ಕನೆಯ ಸಲ ನೋಡಿ. ದುಡ್ಡು ಕೊಟ್ಟ ಮೇಲೆ ಮಗ ಕೈ ಚಾಚುತ್ತಾನೆ. ತಂದೆ ಅದನ್ನು ಹಿಡಿಯುವುದಿಲ್ಲ.

ತಂದೆಯ ಬಗೆಗಿನ ನಿಮ್ಮ ಸಾಲನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ವಾದ ಮಾಡುತ್ತಾರೆಂದುಕೊಂಡಿದ್ದೆ. ಕರಡು ತಿದ್ದುತ್ತಿದ್ದ ನಮ್ಮ ಸಹೋದ್ಯೋಗಿಯೊಬ್ಬರು ತಲೆ ಎತ್ತದೆ, “ಮೇಷ್ಟ್ರು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ ಸಾರ್, ನಮ್ಮಪ್ಪ ದುಡ್ಡನ್ನೂ ಕೊಟ್ಟಿರಲಿಲ್ಲ” ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪತ್ರದ ಕಾಗುಣಿತದಲ್ಲಿ ಒಂದೂ ತಪ್ಪಿಲ್ಲವೆಂದು ನಿಮಗೆ ತಿಳಿಸಲು ಹೇಳಿದ್ದಾರೆ.

— ಸಂಪಾದಕ