ಕಾಫಿ ಗುಂಡಿಯಲ್ಲಿ ಸಿಕ್ಕ ಬೋಕಿ

ಪತ್ರ: ಲಕ್ಷ್ಮಣತೀರ್ಥದ ದಡದಲ್ಲಿ ನಮ್ಮ ತೋಟ. ಕಾಫಿ ಗಿಡ ನೆಡಲು ಗುಂಡಿ ತೆಗೆಯುವಾಗ ಮಡಕೆ ಚೂರುಗಳು, ತುಕ್ಕು ತಿಂದ ಕಬ್ಬಿಣದ ತುಂಡು ಸಿಕ್ಕವು. ಫೋಟೋ ಇಟ್ಟಿದ್ದೇನೆ. ಅಜ್ಜ ಕಾಡು ಕಡಿಯುವ ಮೊದಲು ಇಲ್ಲಿ ಏನೂ ಇರಲಿಲ್ಲವಂತೆ. ಇವಕ್ಕೆ ಬೆಲೆ ಇದೆಯೇ?
– ದಕ್ಷಿಣ ಕೊಡಗಿನ ಓದುಗರು

ಸಂಪಾದಕರ ಉತ್ತರ: ಇದೆ. ಆದರೆ ಆ ಬೆಲೆಯ ಹೆಚ್ಚಿನ ಪಾಲು ಇರುವುದು ಚೂರಿನಲ್ಲಲ್ಲ, ಅದು ಕೂತಿದ್ದ ಮಣ್ಣಿನಲ್ಲಿ.

ಫೋಟೋದ ಚೂರನ್ನು ಇನ್ನೊಮ್ಮೆ ನೋಡಿ. ಒಳಮೈ ಮತ್ತು ಬಾಯಿಯಂಚು ಕಪ್ಪು, ಹೊರಗೆ ಕೆಳಭಾಗ ಕೆಂಪು. ಎರಡು ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ಸಿಗದ ಕಡೆ ಕಪ್ಪಾಗುತ್ತದೆ, ಗಾಳಿ ತಾಗಿದ ಕಡೆ ಕೆಂಪಾಗುತ್ತದೆ. ದಕ್ಷಿಣ ಭಾರತದ ಕಬ್ಬಿಣ ಯುಗದ ಕಲ್ಗೋರಿಗಳಲ್ಲಿ ಇಂಥ ಮಡಕೆ, ಕಬ್ಬಿಣ ಜೊತೆಜೊತೆಗೇ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಎರಡು ಸಾವಿರ ವರ್ಷಕ್ಕೂ ಹಳೆಯವು. ನಮ್ಮವರು ‘ಪಾಂಡವ ಪಾರೆ’ ಎನ್ನುವುದು ಈ ಗೋರಿಗಳನ್ನೇ: ನಾಲ್ಕು ಕಡೆ ಚಪ್ಪಡಿ, ಮೇಲೊಂದು ಮುಚ್ಚಳ, ಒಂದು ಚಪ್ಪಡಿಯಲ್ಲಿ ಗುಂಡಗಿನ ಕಿಂಡಿ. ವಿರಾಜಪೇಟೆ, ಕುಶಾಲನಗರದ ಸುತ್ತಿನ ಇಂಥ ಗೋರಿಗಳ ಬಗ್ಗೆ 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ.

‘ಏನೂ ಇರಲಿಲ್ಲ’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದದ್ದು 1854ರಲ್ಲಿ. ಅದಕ್ಕಿಂತ ಸುಮಾರು 875 ವರ್ಷ ಹಿಂದೆಯೇ ನಿಮ್ಮ ಹೊಳೆಯ ದಡಕ್ಕೆ ಹೆಸರಿತ್ತು, ಆಳುವವನಿದ್ದ. ಪೆಗ್ಗೂರಿನ ಶಾಸನ ಶಕ 899ರದು, ಎಂದರೆ ಸುಮಾರು ಕ್ರಿ.ಶ. 978. ಗಂಗ ಮನೆತನದ ರಕ್ಕಸ ಎಂಬವನು ‘ಬೆದ್ದೊರೆಗರೆ’ಯನ್ನು ಆಳುತ್ತಿದ್ದ ಎನ್ನುತ್ತದೆ ಅದು. ಬೆದ್ದೊರೆ ಎಂದರೆ ದೊಡ್ಡ ತೊರೆ, ಕರೆ ಎಂದರೆ ದಡ. ಆ ತೊರೆ ಲಕ್ಷ್ಮಣತೀರ್ಥವೇ ಎಂದು ಗುರುತಿಸಿದವರು ಕೊಡಗಿನ ಶಾಸನಗಳನ್ನು 1886ರಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್. ಇದಕ್ಕೂ ಹಳೆಯದು ಶಕ 809ರ ಬಿಳಿಯೂರು ಶಾಸನ. ಅದರಲ್ಲಿ ‘ಪೆನ್ನೆಕಡಂಗ’ದ ಬಸದಿಯೊಂದಕ್ಕೆ ಊರು ದಾನ ಕೊಟ್ಟ ಸಂಗತಿ ಇದೆ. ಕಡಂಗ! ನೀವೂ ನಾನೂ ಈಗಲೂ ಆಡುವ ಮಾತು. ಕಡಂಗ ಎಂದರೆ ಆಳದ ಕಂದಕ; ತೋಟದಂಚಿನ ಕಡಂಗವನ್ನು ದಾಟುವಾಗಲೆಲ್ಲ ನನಗೆ ಈ ಶಾಸನ ನೆನಪಾಗುತ್ತದೆ.

ಚಿಕ್ಕಂದಿನಲ್ಲಿ ನಮ್ಮ ನೆರೆಯ ತೋಟದ ತೋಡಿಗೆ ಒಂದು ಚಪ್ಪಡಿಯ ಕಾಲುಸಂಕ ಇತ್ತು. ಅದರಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು. ಆ ಕಚ್ಚಿನಲ್ಲಿ ಕಾಲಿಟ್ಟು ಆಡುತ್ತಿದ್ದೆವು. ಅದು ಒಡೆದ ಕಿಂಡಿಗಲ್ಲು ಎಂದು ತಿಳಿಯುವಷ್ಟರಲ್ಲಿ, ಅದನ್ನು ಎಲ್ಲಿಂದ ಎತ್ತಿ ತಂದರೆಂದು ಹೇಳಬಲ್ಲವರು ತೀರಿಕೊಂಡಿದ್ದರು. ಕಲ್ಲು ಉಳಿದಿದೆ, ಗೋರಿಯ ಜಾಗ ಹೋಯಿತು. ನನಗೆ ಇಂದಿಗೂ ಅದರ ಸಂಕಟ ಇದೆ.

ಆದ್ದರಿಂದ ಆ ಸಾಲಿನ ಉಳಿದ ಗುಂಡಿಗಳನ್ನು ಸದ್ಯಕ್ಕೆ ತೆಗೆಸಬೇಡಿ. ಚೂರುಗಳನ್ನು ತೊಳೆಯಬೇಡಿ, ಕಬ್ಬಿಣವನ್ನು ಉಜ್ಜಬೇಡಿ. ಗುಂಡಿಯ ಆಳ ಅಳೆದು, ಹೊಳೆಯಿಂದ ಎಷ್ಟು ದೂರ ಎಂದು ಬರೆದಿಡಿ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಫೋಟೋ ಹಿಡಿದು ಅಲ್ಲಿಗೆ ಹೋಗಿ. ವಸ್ತುಗಳು ಮಾತ್ರ ಅವರು ಬಂದು ನೋಡುವವರೆಗೆ ತೋಟದಲ್ಲೇ ಇರಲಿ. ಹತ್ತಿರದಲ್ಲಿ ಚಪ್ಪಡಿ ಏನಾದರೂ ಕಂಡಿದ್ದರೆ ನಮಗೂ ಬರೆಯಿರಿ.