ಗೆಣಸಿನ ಗಾಯ ಒಣಗಿದರೆ ಸಾಲದು, ಮಾಯಬೇಕು

ಫೋಟೊದಲ್ಲಿ ಗೆಣಸು ತೊಳೆದು ಬಿಸಿಲಿಗೆ ಹರವಿದ್ದೀರಿ, ಕೆಳಗೆ "ತುದಿಯಿಂದ ಯಾಕೆ ಕೊಳೀತಿದೆ?" ಅಂತ ಕೇಳಿದ್ದೀರಿ. ಉತ್ತರ ಫೋಟೊದಲ್ಲೇ ಇದೆ ಸರ್. ನಾನೂ ಮಾಡಿ ಕೈಸುಟ್ಟುಕೊಂಡ ತಪ್ಪೇ ಇದು.

ತರಚಿದ ಜಾಗದಲ್ಲಿ ಮೊದಲು ಹಾಲು ಒಸರಿ ಒಣಗುತ್ತೆ. ಅದರಡಿಯ ಕೋಶಗಳ ಗೋಡೆಗೆ ಲಿಗ್ನಿನ್, ಸುಬೆರಿನ್ ಅನ್ನೋ ರಕ್ಷಣೆಯ ಪದಾರ್ಥಗಳು ಕೂರುತ್ತವೆ. ಆಮೇಲೆ ಇನ್ನೂ ಒಳಗಿನ ಕೋಶಗಳು ವಿಭಜನೆಯಾಗಿ ಹೊಸ ಕಾರ್ಕ್ ಪದರ ಕಟ್ಟುತ್ತವೆ. ಬಿಸಿಲಿಗಿಟ್ಟರೆ ಈ ಕೆಲಸ ಶುರುವಾಗೋ ಮೊದಲೇ ಮೇಲಿನ ಕೋಶಗಳು ಬತ್ತಿ ಸಾಯುತ್ತವೆ. ಕಾಣೋಕೆ ಹಕ್ಕಳೆ ಕಟ್ಟಿದ ಹಾಗಿರುತ್ತೆ, ಆದರೆ ಬೂಷ್ಟಿಗೆ ಬಾಗಿಲು ತೆರೆದೇ ಇರುತ್ತೆ.

ತೊಳೆಯಬೇಡಿ, ಮಣ್ಣು ಕೈಯಲ್ಲಿ ಉದುರಿಸಿದರೆ ಸಾಕು. ಕಿತ್ತ ದಿನವೇ ಕ್ರೇಟಿಗೆ ಹಾಕಿ, 29–30 ಡಿಗ್ರಿ ಸೆಲ್ಸಿಯಸ್, 85–90% ತೇವಾಂಶದಲ್ಲಿ 4ರಿಂದ 7 ದಿನ ಇಡಿ. ಸಣ್ಣ ಕೋಣೆ, ನೆಲದ ಮೇಲೆ ಒದ್ದೆ ಗೋಣಿಚೀಲ ಇದ್ದರೆ ಆಯ್ತು. ಗೆಣಸಿನ ಮೇಲೆ ಮಾತ್ರ ನೀರಹನಿ ನಿಲ್ಲಬಾರದು. ಅದೂ ಉಸಿರಾಡುತ್ತೆ, ದಿನಕ್ಕೆರಡು ಸಲ ಬಾಗಿಲು ತೆಗೆದು ಗಾಳಿಯಾಡಿಸಿ. ದಯವಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡೋ ಸಲಹೆ ಯಾರೂ ಕೊಡಬೇಡಿ! ಹೆಬ್ಬೆರಳಿಂದ ಉಜ್ಜಿದರೆ ಸಿಪ್ಪೆ ಜಾರದೆ ನಿಂತರೆ ಮುಗೀತು. ಮೊಳಕೆ ಉಬ್ಬಿದ್ದರೆ ತಡ ಮಾಡಿದ್ದೀರಿ ಅಂತ ಅರ್ಥ.

ತೇವಾಂಶ ಅಳೆಯೋ ಹೈಗ್ರೋಮೀಟರ್ ಯಾವ ಬ್ರ್ಯಾಂಡ್ ಅಂತ ಜಗಳ ಬೇಡ, ಅಗ್ಗದವು ಎಲ್ಲಾ ಸುಳ್ಳು ಹೇಳ್ತವೆ. ಅಡುಗೆ ಉಪ್ಪಿಗೆ ಕೆಸರಾಗೋಷ್ಟೇ ನೀರು ಹಾಕಿ, ಮುಚ್ಚಿದ ಡಬ್ಬಿಯಲ್ಲಿ ಮೀಟರ್ ಜೊತೆ ಒಂದು ರಾತ್ರಿ ಇಡಿ. 75% ತೋರಿಸಬೇಕು. 68 ತೋರಿಸಿದರೆ ಆ 7 ಸೇರಿಸಿಕೊಂಡು ಓದಿ.

ಸಿಪ್ಪೆ ಅಷ್ಟು ಸುಲಭಕ್ಕೆ ಸುಲಿಯೋದಕ್ಕೂ ಕಾರಣ ಇದೆ. ಗಡ್ಡೆ ದಪ್ಪಗಾಗ್ತಾ ಇರೋವಾಗ ಸಿಪ್ಪೆಯಡಿಯ ಫೆಲ್ಲೋಜೆನ್ (ಹೊಸ ಸಿಪ್ಪೆ ಕಟ್ಟೋ ಕೋಶಗಳ ಪದರ) ಇನ್ನೂ ಚುರುಕಾಗಿರುತ್ತೆ, ಅದರ ಗೋಡೆ ತೆಳು, ಅಲ್ಲೇ ಹರಿಯುತ್ತೆ. ಮುಂದಿನ ಸಲ ಕೀಳೋಕೆ 4–5 ದಿನ ಮುಂಚೆ ಬಳ್ಳಿ ಕೊಯ್ದುಬಿಡಿ, ಸಿಪ್ಪೆ ಕೂರುತ್ತೆ. ಹೊಲದಲ್ಲಿ ನೀರು ನಿಂತಿದ್ದರೆ ಇದ್ಯಾವುದೂ ಕೈಹಿಡಿಯಲ್ಲ. ಉಸಿರುಗಟ್ಟಿದ ಗಡ್ಡೆ ಹುಳಿವಾಸನೆ ಹೊಡೆಯುತ್ತೆ, ಅದನ್ನ ಬೇರೆ ತೆಗೆದಿಡಿ.

ಗಾಯ ಮಾಯ್ದ ಮೇಲೆ ಗೆಣಸನ್ನ 13–15 ಡಿಗ್ರಿಯಲ್ಲಿ ಇಡಿ. ಫ್ರಿಜ್ ಬೇಡವೇ ಬೇಡ, ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತೆ. ಆಲೂಗಡ್ಡೆಯ ಲೆಕ್ಕ ಇಲ್ಲಿಗೆ ತರಬೇಡಿ, ಅದು ಕಾಂಡ, ಇದಕ್ಕಿಂತ ತಂಪಲ್ಲೇ ಮಾಯುತ್ತೆ.